ಕೆನಾನ್, ನಿಕಾನ್ ಮತ್ತು ಕಾಫಿ

ಪ್ರಶ್ನೆ: ಗಂಗಾವತಿ, ಕುಷ್ಟಗಿ ಕಡೆಯ ಮದುವೆ ಫೋಟೋಗ್ರಾಫರು ಕೆನಾನ್ ಹಿಡಿದರೆ ನಿಕಾನ್ ಮುಟ್ಟುವುದಿಲ್ಲ, ಯಾಕೆ? ಕಾಫಿ ಹೆಚ್ಚಾದರೆ ಫೋಟೋ ಕೆಡುತ್ತದೆಯೇ?

ಉತ್ತರ: ಅಭಿಮಾನಕ್ಕಿಂತ ಲೆನ್ಸಿನ ಲೆಕ್ಕ ದೊಡ್ಡದು. ನಿಕಾನ್ 1959ರಲ್ಲಿ ತಂದ ಎಫ್ ಮೌಂಟಿನ ಲೆನ್ಸು, ಕೆನಾನ್ 1987ರಲ್ಲಿ ತಂದ ಇಎಫ್ ಮೌಂಟಿನ ಕ್ಯಾಮೆರಾಕ್ಕೆ ನೇರವಾಗಿ ಕೂರದು. ಕಂಪನಿ ಬದಲಿಸಿದರೆ ಲೆನ್ಸು, ಫ್ಲ್ಯಾಶು ಎಲ್ಲ ಮಾರಬೇಕು. ಸಾಲದ್ದಕ್ಕೆ ಜೂಮ್ ತಿರುಗಿಸುವ ದಿಕ್ಕೂ ಉಲ್ಟಾ! ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಕೈ ತಡವರಿಸಿದರೆ ಮತ್ತೆ ತಾಳಿ ಕಟ್ಟಿಸಲಾದೀತೇ?

ಇನ್ನು ಕಾಫಿ. ನಮ್ಮ ಕಡೆ ಚಹಾದ್ದೇ ದರ್ಬಾರು, ಅದರಲ್ಲೂ ಕೆಫೀನ್ ಇದೆ. ಅತಿಯಾದರೆ ಬೆರಳು ಸಣ್ಣಗೆ ನಡುಗಬಹುದು; ಶಟರ್ ನಿಧಾನವಿದ್ದರೆ ಚಿತ್ರ ಮಸುಕು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ಮಿತಿ. ಕುಡಿದು ಸುಮಾರು ಐದು ತಾಸಾದರೂ ಅದರಲ್ಲಿ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ನಸುಕಿನ ಮುಹೂರ್ತವಿದ್ದರೆ ಹಿಂದಿನ ರಾತ್ರಿ ಕಾಫಿ ಬಿಟ್ಟು ಮಲಗಿ.