ಗೆಲ್ಲುವ ಕುದುರೆಯ ಲೆಕ್ಕಾಚಾರ

ಚುನಾವಣೆ ಸಮೀಪಿಸಿತೆಂದರೆ ಯಾರು ಗೆಲ್ಲುತ್ತಾರೆಂದು ಖಚಿತವಾಗಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಜಾತಿವಾರು ಮತಗಳ ಪಟ್ಟಿ, ರಾಜ್ಯದಲ್ಲಿ ಬೀಸುತ್ತಿರುವ ಗಾಳಿ, ಅಭ್ಯರ್ಥಿಯ ಹಣಬಲ: ಇವನ್ನು ಕೂಡಿಸಿ ಕಳೆದರೆ ಫಲಿತಾಂಶ ಸಿದ್ಧ. ಇದು ಚಹಾದಂಗಡಿಯ ಹರಟೆಗಷ್ಟೇ ಸೀಮಿತವಾಗಿದ್ದರೆ ಚಿಂತೆಯಿರಲಿಲ್ಲ. ಪಕ್ಷಗಳು ಟಿಕೆಟ್ ಹಂಚುವುದೂ ಇದೇ ‘ಗೆಲ್ಲುವ ಕುದುರೆ’ಯ ಲೆಕ್ಕದ ಮೇಲೆಯೇ. ಆದ್ದರಿಂದ ಈ ಲೆಕ್ಕ ಎಷ್ಟು ನಂಬಲರ್ಹ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಅಮೆರಿಕದ ರಾಜ್ಯಗಳಲ್ಲಿ ಗವರ್ನರರನ್ನು ಜನರೇ ನೇರವಾಗಿ ಆರಿಸುತ್ತಾರೆ. ಇಡೀ ರಾಜ್ಯದ ಮತಗಳು ಒಂದೇ ರಾಶಿಗೆ ಬೀಳುವುದರಿಂದ ಸಮೀಕ್ಷಕರ ಕೆಲಸ ತುಸು ಸುಲಭ. ನಮ್ಮ ರಾಜ್ಯಪಾಲರು ನೇಮಕಗೊಂಡು ಬರುವವರು. ಆಡಳಿತ ಯಾರದೆಂಬುದನ್ನು ತೀರ್ಮಾನಿಸುವುದು 224 ಪ್ರತ್ಯೇಕ ಸ್ಪರ್ಧೆಗಳು. 2008ರಲ್ಲಿ ಕಾಂಗ್ರೆಸ್ ಸುಮಾರು ಶೇ 35ರಷ್ಟು ಮತ ಪಡೆದು 80 ಸ್ಥಾನಗಳಿಗೆ ನಿಂತಿತು; ಶೇ 34ರಷ್ಟು ಮತ ಪಡೆದ ಬಿಜೆಪಿ 110ಕ್ಕೇರಿತು. 2018ರಲ್ಲೂ ಶೇ 38ರಷ್ಟು ಮತ ಗಳಿಸಿದ ಕಾಂಗ್ರೆಸ್, ಶೇ 36ರ ಬಿಜೆಪಿಗಿಂತ ಸ್ಥಾನಗಳಲ್ಲಿ ಹಿಂದೆ ಬಿತ್ತು. ಮತ ಎಷ್ಟು ಬಂತು ಎಂಬುದಕ್ಕಿಂತ ಎಲ್ಲೆಲ್ಲಿ ಬಂತು ಎಂಬುದೇ ಮುಖ್ಯವಾಯಿತು.

ಜಾತಿಯ ಲೆಕ್ಕವಾದರೂ ಕೈಹಿಡಿಯುತ್ತದೆಯೇ? ನಮ್ಮ ರಾಯಚೂರು ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ದೇವದುರ್ಗ, ಮಾನ್ವಿ, ಮಸ್ಕಿ ಮತ್ತು ರಾಯಚೂರು ಗ್ರಾಮೀಣ ಪರಿಶಿಷ್ಟ ಪಂಗಡಕ್ಕೆ, ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲು. ಕಣದಲ್ಲಿರುವವರೆಲ್ಲರೂ ಮೀಸಲು ವರ್ಗದವರೇ ಆದಾಗ ಅಭ್ಯರ್ಥಿಯ ಜಾತಿ ನೋಡಿ ಮತ ಎಣಿಸುವ ಸೂತ್ರ ಬಹುಮಟ್ಟಿಗೆ ನಿಷ್ಪ್ರಯೋಜಕ.

ಗಾಳಿಯ ಮಾತೂ ಅಷ್ಟೆ. 2023ರಲ್ಲಿ ಜೆಡಿಎಸ್ ರಾಜ್ಯದಲ್ಲಿ 37 ಸ್ಥಾನಗಳಿಂದ 19ಕ್ಕೆ ಕುಸಿಯಿತು. ಅದೇ ಚುನಾವಣೆಯಲ್ಲಿ ದೇವದುರ್ಗದಲ್ಲಿ ಆ ಪಕ್ಷದ ಕರೆಮ್ಮ ನಾಯಕ ಅವರು ಬಿಜೆಪಿಯ ಶಾಸಕ ಕೆ. ಶಿವನಗೌಡ ನಾಯಕರನ್ನು ಭಾರಿ ಅಂತರದಿಂದ ಸೋಲಿಸಿದರು. ಪಕ್ಕದ ಮಾನ್ವಿಯಲ್ಲಿ ಅದೇ ಜೆಡಿಎಸ್‌ನ ಹಾಲಿ ಶಾಸಕರು ಸೋತು, ಕಾಂಗ್ರೆಸ್‌ನ ಹಂಪಯ್ಯ ನಾಯಕ ಗೆದ್ದರು. ನೆರೆಹೊರೆಯ ಎರಡು ಕ್ಷೇತ್ರಗಳು ಒಂದೇ ಪಕ್ಷಕ್ಕೆ ಎರಡು ಬಗೆಯ ತೀರ್ಪು ಕೊಟ್ಟವು.

ಮಸ್ಕಿಯ ಪಾಠ ಇನ್ನೂ ಸ್ಪಷ್ಟ. 2018ರಲ್ಲಿ ಅಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ್ದು ಕೇವಲ 213 ಮತಗಳಿಂದ. ಒಂದು ಮತಗಟ್ಟೆಯ ಮತದಾರರಿಗಿಂತಲೂ ಚಿಕ್ಕದಾದ ಈ ಅಂತರ ಯಾವ ಸಮೀಕ್ಷೆಯ ಕಣ್ಣಿಗೂ ಬೀಳುವಂಥದ್ದಲ್ಲ. ಬಳಿಕ ಇಬ್ಬರೂ ಪಕ್ಷ ಅದಲುಬದಲು ಮಾಡಿಕೊಂಡರು. 2021ರ ಉಪಚುನಾವಣೆಯಲ್ಲಿ, ರಾಜ್ಯದಲ್ಲಿ ಬಿಜೆಪಿ ಸರ್ಕಾರವಿದ್ದಾಗಲೇ, ಆ ಪಕ್ಷದ ಪ್ರತಾಪಗೌಡರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಭ್ಯರ್ಥಿಯ ಜೊತೆಗೆ ಅವರ ಮತಗಳೂ ವಲಸೆ ಹೋಗುತ್ತವೆ ಎಂಬ ನಂಬಿಕೆಯನ್ನು ಮತದಾರರು ಹುಸಿ ಮಾಡಿದರು.

ಅರ್ಥಶಾಸ್ತ್ರ ಓದಿದ ನನಗೆ ಅಂದಾಜಿನ ಬಗ್ಗೆ ತಿರಸ್ಕಾರವಿಲ್ಲ. ಆದರೆ ಪ್ರಾಮಾಣಿಕ ಅಂದಾಜು ತನ್ನ ಅನಿಶ್ಚಿತತೆಯನ್ನೂ ಹೇಳಬೇಕು. ನಮ್ಮ ಪಂಡಿತರು ಹೇಳುವುದು ಖಚಿತ ಭವಿಷ್ಯವನ್ನು. ಅದನ್ನು ನಂಬಿದ ಪಕ್ಷಗಳು ಹಣವುಳ್ಳವರಿಗೆ, ಪಕ್ಷಾಂತರಿಗಳಿಗೆ ಮಣೆ ಹಾಕುತ್ತವೆ. ಊರಿನ ಕೆಲಸ ಬಲ್ಲ ಸಾಮಾನ್ಯ ಕಾರ್ಯಕರ್ತ ಆರಂಭದಲ್ಲೇ ಹೊರಗುಳಿಯುತ್ತಾನೆ. ಮಾನ್ವಿಯ ಕಾಲುವೆಯ ಕೊನೆಯ ಭಾಗಕ್ಕೆ ತುಂಗಭದ್ರೆಯ ನೀರು ತಲುಪಿಸುವುದು ಹೇಗೆ, ನಾಡಿಗೆ ಬೆಳಕು ಕೊಡುವ ಶಕ್ತಿನಗರದ ಹಾರುಬೂದಿಗೆ ಪರಿಹಾರವೇನು, ಗುಳೆ ಹೋಗುವ ಕುಟುಂಬಗಳ ಮಕ್ಕಳ ಶಾಲೆಯ ಗತಿಯೇನು ಎಂಬ ಪ್ರಶ್ನೆಗಳು ಈ ಕುದುರೆ ಜೂಜಿನ ಗದ್ದಲದಲ್ಲಿ ಕೇಳಿಸುವುದೇ ಇಲ್ಲ.

ಯಾರು ಗೆಲ್ಲುತ್ತಾರೆ ಎಂಬುದನ್ನು ಎಣಿಕೆಯ ದಿನ ಮತಯಂತ್ರ ಹೇಳುತ್ತದೆ. ಯಾರು ಗೆಲ್ಲಬೇಕು, ಏಕೆ ಎಂಬುದನ್ನು ಯಂತ್ರ ಹೇಳಲಾರದು. ಆ ಚರ್ಚೆಯನ್ನು ಅದಕ್ಕೆ ಮುಂಚೆಯೇ ನಾವು ನಡೆಸಬೇಕು.