ಅಂಗಳಕ್ಕೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?



ಜೂನ್ 24 ಸ್ನಾನಿಕ ಸಂತ ಯೊವಾನ್ನರ ಜನನದ ಹಬ್ಬ. ಬೆಳಗಾವಿ, ಖಾನಾಪುರಗಳ ನಮ್ಮ ಅನೇಕ ಕುಟುಂಬಗಳಿಗೆ ಗೋವೆಯ ನಂಟಿದೆ. ಅವರ ಬಾಯಲ್ಲಿ ಇದು ಸಾಂಜಾಂವ್. ಅಂದು ಗೋವೆಯ ಹಳ್ಳಿಗಳಲ್ಲಿ ತಲೆಗೆ ಹೂಬಳ್ಳಿಯ ಕಿರೀಟ ಸುತ್ತಿಕೊಂಡು ತುಂಬಿದ ಬಾವಿಗೆ ಧುಮುಕುತ್ತಾರೆ. ಎಲಿಜಬೇತಮ್ಮನವರ ಗರ್ಭದಲ್ಲಿ ಕೂಸು ಆನಂದದಿಂದ ನಲಿದಾಡಿದ್ದರ ನೆನಪು ಅದು ಎನ್ನುತ್ತಾರೆ ಹಿರಿಯರು. ಹಬ್ಬದ ಪ್ರಬೋಧನೆಯಲ್ಲಿ ಇದನ್ನು ಹೇಳಿ ನಾವು ಹೊರಗೆ ಬಂದಾಗ ಒಬ್ಬ ತಾಯಿ ತಡೆದು ಕೇಳಿದರು: “ಫಾದರ್, ಜಿಗಿಯಾಕ ನಮ್ಮ ಬಾವ್ಯಾಗ ನೀರು ಎಲ್ಲೈತ್ರಿ? ಬಿದ್ದ ಮಳಿ ಎಲ್ಲಾ ಓಣಿಗೇ ಹೋಗತೈತಿ.”

ಅವರ ಮನೆಗೆ ಹೋಗಿ ನೋಡಿದೆವು. ಹಿತ್ತಲಲ್ಲಿ ಹಳೆಯ ಬಾವಿ, ಏಪ್ರಿಲ್ ಬಂದರೆ ತಳ ಕಾಣುತ್ತದೆ. ಅಂಗಳಕ್ಕೆಲ್ಲ ಫರಸಿ ಹಾಕಿದ್ದಾರೆ. ಚಾವಣಿಯ ಪೈಪು ನೇರವಾಗಿ ಓಣಿಗೆ ಬಾಯಿ ತೆರೆದಿದೆ. ಆ ನೀರು ಇಳಿದು ಹೋಗುವುದು ಕೆಳಗಿನ ಮನೆಯವರ ಬಾಗಿಲಿಗೆ. ಅವರು ಮಳೆಗಾಲವಿಡೀ ಹೊಸ್ತಿಲಿಗೆ ಮರಳಿನ ಚೀಲ ಇಡುತ್ತಾರೆ. ಎರಡು ಮನೆಯವರಿಗೂ ಮಾತು ನಿಂತು ಎರಡು ವರ್ಷವಾಗಿತ್ತು.

ಬೆಳಗಾವಿ ಬಾವಿಗಳ ಊರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಇಲ್ಲಿ ನಡೆದಾಗ ಬಂದವರ ನೀರಡಿಕೆಗೆಂದು ಟಿಳಕವಾಡಿಯಲ್ಲಿ ಬಾವಿಯನ್ನೇ ತೋಡಿದರು. ಅದು ಇಂದಿಗೂ ಕಾಂಗ್ರೆಸ್ ಬಾವಿ. ಮುಂದೆ ರಕ್ಕಸಕೊಪ್ಪದ ಜಲಾಶಯದಿಂದ ನಳದ ನೀರು ಬಂತು. ಬಾವಿಗಳು ಕಸದ ಗುಂಡಿಗಳಾದವು. 1990ರ ದಶಕದಲ್ಲಿ ನೀರಿಗೆ ತತ್ವಾರವಾದಾಗ ಅವುಗಳನ್ನೇ ಹುಡುಕಿ ಹೂಳೆತ್ತಬೇಕಾಯಿತು! 2023ರ ಜೂನ್‌ನಲ್ಲಿ ಮುಂಗಾರು ತಡವಾದಾಗಲೂ ಜನ ಬಾವಿಗಳ ಕಡೆಗೆ ನೋಡಿದರು. ಆದರೆ ಬಾವಿಗೆ ನೀರು ಎಲ್ಲಿಂದ ಬರಬೇಕು? ಸುತ್ತಲಿನ ನೆಲ ಕುಡಿದದ್ದನ್ನೇ ಅದು ನಮಗೆ ಕೊಡುವುದು. ನೆಲದ ಬಾಯನ್ನು ಫರಸಿ, ಸಿಮೆಂಟುಗಳಿಂದ ಮುಚ್ಚಿದವರು ನಾವೇ.

ಲೆಕ್ಕ ಹಾಕಿ ನೋಡೋಣ. ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸರಾಸರಿ 1,200 ಮಿಲಿಮೀಟರಿಗೂ ಹೆಚ್ಚು ಮಳೆ. 1,000 ಚದರಡಿಯ ಒಂದು ಚಾವಣಿಯ ಮೇಲೆ ವರ್ಷದಲ್ಲಿ ಒಂದು ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಒಂದೇ ಜೋರು ಮಳೆ 25 ಮಿಲಿಮೀಟರ್ ಸುರಿದರೆ 2,300 ಲೀಟರು.

ಈ ನೀರಿನ ಒಂದು ಪಾಲನ್ನು ಅಂಗಳದಲ್ಲೇ ತಡೆದು ಇಂಗಿಸುವ ಹಗುರವಾದ ಉಪಾಯವೇ ಮಳೆತೋಟ. 1990ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡಿನಲ್ಲಿ ಹೊಸ ಬಡಾವಣೆಯೊಂದರ ಮನೆಗಳಿಗೆ ದೊಡ್ಡ ಚರಂಡಿ ಹೊಂಡಗಳ ಬದಲು ಇಂಥ ತಗ್ಗಿನ ತೋಟಗಳನ್ನು ಮಾಡಿಸಿದರು. ಹೆಸರು ಅಲ್ಲಿಂದ ಹರಡಿತು. ನಮ್ಮ ಕರಾವಳಿಯವರಿಗೆ ಇಂಗುಗುಂಡಿ ಹೊಸದಲ್ಲ. ಕಾಸರಗೋಡು ಸೀಮೆಯ ಪತ್ರಕರ್ತ ಶ್ರೀ ಪಡ್ರೆಯವರು ಮಳೆನೀರಿನ ಕುರಿತು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಗುಂಡಿ ಆಳ, ತೋಟ ಆಳವಿಲ್ಲದ್ದು. ಅರ್ಧ ಅಡಿ ತಗ್ಗು, ಅದರಲ್ಲಿ ಗಿಡ. ಮಕ್ಕಳಿರುವ ಮನೆಗೆ ಇದೇ ಲೇಸು.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಬೆಳಗಾವಿಗೆ ಬರುವ ಮೊದಲು ನಾವು ಖಾನಾಪುರದ ಕಡೆ ಸೇವೆಯಲ್ಲಿದ್ದೆವು. ಎಲ್ಲೋ ಓದಿದ ಉತ್ಸಾಹದಲ್ಲಿ ಗುರುನಿವಾಸದ ಅಂಗಳದಲ್ಲಿ ತಗ್ಗು ತೋಡಿಸಿ ಹೂಗಿಡ ನೆಟ್ಟೆವು. ಜೂನ್ ಕೊನೆಗೆ ಅದು ಎಮ್ಮೆ ಬೀಳುವ ಹೊಂಡವಾಯಿತು. ಐದು ದಿನವಾದರೂ ನೀರು ಇಳಿಯಲಿಲ್ಲ, ಗಿಡ ಕೊಳೆಯಿತು, ಸೊಳ್ಳೆ ಎದ್ದಿತು. ಕುಂಬಾರಿಕೆ ಬಲ್ಲ ಹಿರಿಯರೊಬ್ಬರು ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನಕ್ಕರು: “ಇದು ಗಡಿಗಿ ಮಣ್ಣರಿ ಫಾದರ್. ನೀರು ಹಿಡದ ಇಟಗೋಳೂದ ಇದರ ಕೆಲಸ!”

ನಿಜವಲ್ಲವೇ? ಖಾನಾಪುರದ ಹೆಂಚು, ಗಡಿಗೆಗಳು ಹೆಸರುವಾಸಿ. ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೇ ಅಲ್ಲಿದೆ. ಆ ಮಣ್ಣಿನ ಗುಣ ಕೇಳದೆ ಗುದ್ದಲಿ ಹಿಡಿದವರು ನಾವು. ಅದೇ ತಾಲೂಕಿನಲ್ಲಿ, ಬೆಳಗಾವಿಯ ಅನೇಕ ಓಣಿಗಳಲ್ಲಿ, ಕೆಂಪು ಮುರುಮಿನ ನೆಲ ನೀರನ್ನು ಗಟಗಟ ಕುಡಿಯುತ್ತದೆ. ಶಹಾಪುರ, ವಡಗಾವಿ ಕಡೆಯ ಎರೆಮಣ್ಣಿನ ಹೊಲಗಳಲ್ಲಿ ಹಾಗಲ್ಲ.

ಆದ್ದರಿಂದ ಮೊದಲು ಪರೀಕ್ಷೆ. ಒಂದಡಿ ಆಳದ ಸಣ್ಣ ಕುಣಿ ತೋಡಿ ನೀರು ತುಂಬಿ, ಅದು ಇಂಗಲಿ. ಮತ್ತೊಮ್ಮೆ ತುಂಬಿ. ಒಣಗಿದ ಮಣ್ಣು ಮೊದಲ ಸಲ ಆಸೆಯಿಂದ ಕುಡಿಯುತ್ತದೆ, ಅದನ್ನು ನಂಬಬಾರದು. ಎರಡನೆಯ ಸಲ ಒಂದು ಕಡ್ಡಿಗೆ ಗುರುತು ಹಾಕಿ ನಿಲ್ಲಿಸಿ ನೋಡಿ. ನಾಲ್ಕು ಗಂಟೆಗೆ ಒಂದು ಅಂಗುಲವಾದರೂ ಇಳಿದರೆ ಅರ್ಧ ಅಡಿ ನೀರು ಒಂದು ದಿನದಲ್ಲಿ ಇಂಗೀತು. ಇಳಿಯದಿದ್ದರೆ ಆ ಜಾಗ ಬಿಡಿ, ಚಾವಣಿಯ ನೀರನ್ನು ಟಾಕಿಗೆ ತುಂಬಿಸಿಕೊಳ್ಳಿ. ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಒಂದೆರಡು ದಿನದಲ್ಲಿ ಬರಿದಾಗುವ ತೋಟದಿಂದ ಭಯವಿಲ್ಲ.

ಆ ತಾಯಿಯ ಅಂಗಳದ ಮಣ್ಣು ಪರೀಕ್ಷೆಯಲ್ಲಿ ಗೆದ್ದಿತು. ಚಾವಣಿಗೆ ನಾಲ್ಕು ಪೈಪು. ಒಂದರ ನೀರನ್ನು ಮಾತ್ರ ತಿರುಗಿಸಿದೆವು. ಫರಸಿ ಎಬ್ಬಿಸಿ 8 ಅಡಿ ಉದ್ದ, 6 ಅಡಿ ಅಗಲದ ಜಾಗ. ಅರ್ಧ ಅಡಿ ತಗ್ಗಿನಲ್ಲಿ ಸುಮಾರು 650 ಲೀಟರು ನಿಲ್ಲುತ್ತದೆ. 25 ಮಿಲಿಮೀಟರ್ ಮಳೆಗೆ ಆ ಪೈಪಿನಿಂದ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಎರಡಡಿ ಅಗೆದು, ಅದೇ ಮಣ್ಣಿಗೆ ಮರಳು, ಕೊಳೆತ ಗೊಬ್ಬರ ಬೆರೆಸಿ, ಮೇಲಿನ ಅರ್ಧ ಅಡಿ ಬಿಟ್ಟು ತುಂಬಿದೆವು. ತುಂಬಿದ ಮೇಲೆ ತುಳಿಯಬಾರದು. ತಳ ಮಟ್ಟವಾಗಿರಬೇಕು. ಪೈಪಿನ ನೀರು ಬೀಳುವಲ್ಲಿ ನಾಲ್ಕು ಕಲ್ಲು ಇಡಬೇಕು, ಇಲ್ಲದಿದ್ದರೆ ಮಣ್ಣು ಕೊಚ್ಚಿಹೋಗುತ್ತದೆ. ಮನೆಯ ಗೋಡೆಯಿಂದ 10 ಅಡಿ ದೂರ, ಶೌಚಗುಂಡಿಯಿಂದ ಇನ್ನೂ ದೂರ. ಇದರಲ್ಲಿ ರಾಜಿ ಬೇಡ.

ಗಿಡಗಳ ಆಯ್ಕೆಯೇ ಕಷ್ಟ. ನಾಲ್ಕು ತಿಂಗಳು ಕಾಲು ನೀರಿನಲ್ಲಿ, ಉಳಿದ ಕಾಲ ಒಣನೆಲದಲ್ಲಿ ಬದುಕುವಂಥದ್ದು ಬೇಕು. ಅಂಗಡಿಯ ಚೆಂದದ ಕುಂಡದ ಗಿಡಗಳು ಇದಕ್ಕಲ್ಲ. ಲಾವಂಚ ಆಳಕ್ಕೆ ಬೇರು ಬಿಟ್ಟು ಮಣ್ಣನ್ನು ಸಡಿಲವಾಗಿಡುತ್ತದೆ. ಕೆಸು ಬೇಸಿಗೆಯಲ್ಲಿ ಗಡ್ಡೆಯಾಗಿ ಮಲಗಿ ಮೊದಲ ಮಳೆಗೆ ಏಳುತ್ತದೆ. ಕಾಬಾಳೆಯೂ ಒಗ್ಗುತ್ತದೆ. ಅಂಚಿನ ಮೇಲೆ ದಾಸವಾಳ, ಮಜ್ಜಿಗೆಹುಲ್ಲು.

ತುಂಬಿದ ಮೇಲೆ ಹೆಚ್ಚಾದ ನೀರು ಹೋಗಲು ಒಂದು ಕಡೆ ಅಂಚನ್ನು ತಗ್ಗಿಸಲೇಬೇಕು. ಅದು ಯಾವ ಕಡೆ? ಇದೇ ದೊಡ್ಡ ಪ್ರಶ್ನೆಯಾಯಿತು. ಸುಲಭದ ಕಡೆ ಕೆಳಗಿನ ಮನೆಯದು. ನಾವು ಹಟ ಹಿಡಿದೆವು. ಕೊನೆಗೆ ಹದಿನೈದು ಅಡಿ ಕಾಲುವೆ ತೋಡಿ ರಸ್ತೆಯ ಗಟಾರಕ್ಕೆ ಕೂಡಿಸಿದರು.

ಇದರಿಂದ ಬಾವಿ ತುಂಬಿತೇ? ಇಲ್ಲ. ಒಂದು ಮನೆಯ ಒಂದು ಪೈಪಿನಿಂದ ಬಾವಿ ತುಂಬದು, ಓಣಿಯೆಲ್ಲ ಮಾಡಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಬೆಳಗಾವಿಯ ಎರಡು ಪಟ್ಟಿಗೂ ಮೀರಿ ಮಳೆ. ಅಲ್ಲಿ ಜುಲೈನಲ್ಲಿ ನೆಲವೇ ತುಂಬಿರುವಾಗ ಇಂಥ ತೋಟ ಮಣ್ಣು ಕೊಚ್ಚಿಹೋಗದಂತೆ ನೀರಿನ ಓಟ ತಗ್ಗಿಸೀತು, ಅಷ್ಟೇ. ಬೆಳಗಾವಿಯಲ್ಲೂ ಮೊದಲ ವರ್ಷ ಜೋರು ಮಳೆಯ ಎರಡು ದಿನ ಕೆಳಗಿನ ಮನೆಯವರು ಮರಳಿನ ಚೀಲ ಇಡಬೇಕಾಯಿತು. ಉಳಿದ ದಿನ ಚೀಲಗಳು ಗೋಡೆಗೆ ಒರಗಿಯೇ ಇದ್ದವು.

ಈಗ ಎರಡು ಪೈಪು ತಿರುಗಿಸಿದ್ದಾರೆ. ಸೆಪ್ಟೆಂಬರ್ 8ರ ಮಾತೆಯ ಜನನದ ಹಬ್ಬಕ್ಕೆ ನಾವು ಹೋದಾಗ ಕೆಸುವಿನ ಗಿಡಗಳಲ್ಲಿ ದೊಡ್ಡ ಎಲೆ ಒಂದೂ ಇರಲಿಲ್ಲ. ಪತ್ರೊಡೆಗೆಂದು ಕೆಳಗಿನ ಮನೆಯವರು ಬಂದು ಕೊಯ್ದುಕೊಂಡು ಹೋಗಿದ್ದರಂತೆ.