ಕರ್ನಾಟಕದಲ್ಲಿ 2024ರ ಲೋಕಸಭಾ ಚುನಾವಣೆ: ಪ್ರಾದೇಶಿಕ ಫಲಿತಾಂಶಗಳು

ಭಾರತದ 18ನೇ ಲೋಕಸಭೆಗೆ ಕರ್ನಾಟಕದ 28 ಕ್ಷೇತ್ರಗಳಿಂದ ಸದಸ್ಯರನ್ನು ಆರಿಸುವ ಚುನಾವಣೆಯು 2024ರ ಏಪ್ರಿಲ್ 26 ಮತ್ತು ಮೇ 7ರಂದು ಎರಡು ಹಂತಗಳಲ್ಲಿ ನಡೆಯಿತು. ಜೂನ್ 4ರಂದು ಮತ ಎಣಿಕೆ ನಡೆದು ಭಾರತೀಯ ಜನತಾ ಪಕ್ಷ (ಬಿಜೆಪಿ) 17, ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ 9 ಹಾಗೂ ಜನತಾದಳ (ಜಾತ್ಯತೀತ) 2 ಸ್ಥಾನಗಳನ್ನು ಪಡೆದವು. 2014ರ ಲೋಕಸಭಾ ಚುನಾವಣೆಯಲ್ಲಿಯೂ ಈ ಮೂರು ಪಕ್ಷಗಳು ಇಷ್ಟೇ ಸ್ಥಾನಗಳನ್ನು ಗಳಿಸಿದ್ದವು. ಆದರೆ ಆ ಸ್ಥಾನಗಳು ಬಂದ ಪ್ರದೇಶಗಳು ಬೇರೆ. ಆದುದರಿಂದ ರಾಜ್ಯದ ಒಟ್ಟು ಸಂಖ್ಯೆಗಿಂತ ಪ್ರಾದೇಶಿಕ ಹಂಚಿಕೆಯು ಈ ಚುನಾವಣೆಯ ಸ್ವರೂಪವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ.

ಹಿನ್ನೆಲೆ

2019ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತು ಜನತಾದಳ (ಜಾತ್ಯತೀತ) ಮೈತ್ರಿ ಮಾಡಿಕೊಂಡು ಸ್ಪರ್ಧಿಸಿದ್ದವು. ಆಗ ಬಿಜೆಪಿ ಶೇ 51ಕ್ಕೂ ಹೆಚ್ಚು ಮತಗಳೊಂದಿಗೆ 25 ಸ್ಥಾನಗಳನ್ನು ಗೆದ್ದಿತು. ಕಾಂಗ್ರೆಸ್ ಬೆಂಗಳೂರು ಗ್ರಾಮಾಂತರದಲ್ಲಿಯೂ ಜನತಾದಳ ಹಾಸನದಲ್ಲಿಯೂ ಮಾತ್ರ ಜಯಗಳಿಸಿದವು. ಮಂಡ್ಯದಲ್ಲಿ ಬಿಜೆಪಿ ಬೆಂಬಲಿತ ಪಕ್ಷೇತರ ಅಭ್ಯರ್ಥಿ ಸುಮಲತಾ ಗೆದ್ದರು. ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಮತ್ತು ತುಮಕೂರಿನಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡ ಪರಾಭವಗೊಂಡರು.

2023ರ ಮೇ ತಿಂಗಳಿನಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 224 ಸ್ಥಾನಗಳ ಪೈಕಿ 135ನ್ನು ಗೆದ್ದು, ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಸರ್ಕಾರ ರಚನೆಯಾಯಿತು. ಬಿಜೆಪಿ 66 ಮತ್ತು ಜನತಾದಳ 19 ಸ್ಥಾನಗಳನ್ನು ಪಡೆದವು. ಆದರೆ ಕಾಂಗ್ರೆಸ್‌ನ ಮತಪ್ರಮಾಣ ಶೇ 43ರ ಸಮೀಪವಿದ್ದರೆ, ಬಿಜೆಪಿ (ಸುಮಾರು ಶೇ 36) ಮತ್ತು ಜನತಾದಳದ (ಸುಮಾರು ಶೇ 13) ಮತಗಳ ಮೊತ್ತ ಅದಕ್ಕಿಂತ ಹೆಚ್ಚಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಜನತಾದಳವು ರಾಷ್ಟ್ರೀಯ ಪ್ರಜಾಸತ್ತಾತ್ಮಕ ಮೈತ್ರಿಕೂಟವನ್ನು (ಎನ್‌ಡಿಎ) ಸೇರಿತು. ಸ್ಥಾನ ಹಂಚಿಕೆಯಂತೆ ಬಿಜೆಪಿ 25 ಕ್ಷೇತ್ರಗಳಲ್ಲಿಯೂ ಜನತಾದಳ ಮಂಡ್ಯ, ಹಾಸನ ಮತ್ತು ಕೋಲಾರಗಳಲ್ಲಿಯೂ ಸ್ಪರ್ಧಿಸಿದವು. ಕಾಂಗ್ರೆಸ್ ಎಲ್ಲ 28 ಕ್ಷೇತ್ರಗಳಲ್ಲಿ ಅಭ್ಯರ್ಥಿಗಳನ್ನು ನಿಲ್ಲಿಸಿತು.

ಪ್ರಚಾರದ ವಿಷಯಗಳು

ಕಾಂಗ್ರೆಸ್ ತನ್ನ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಾದ ಶಕ್ತಿ, ಗೃಹಜ್ಯೋತಿ, ಗೃಹಲಕ್ಷ್ಮಿ, ಅನ್ನಭಾಗ್ಯ ಮತ್ತು ಯುವನಿಧಿಗಳನ್ನು ಮುಂದಿಟ್ಟು ಮತ ಯಾಚಿಸಿತು. ಬಿಜೆಪಿಯು ಪ್ರಧಾನಿ ನರೇಂದ್ರ ಮೋದಿ ಅವರ ನಾಯಕತ್ವವನ್ನು ಪ್ರಮುಖ ವಿಷಯವಾಗಿಸಿತು. ಕೇಂದ್ರ ಮತ್ತು ರಾಜ್ಯಗಳ ನಡುವಿನ ಹಣಕಾಸು ಸಂಬಂಧವೂ ಚರ್ಚೆಗೆ ಬಂದಿತು. ತೆರಿಗೆ ಹಂಚಿಕೆಯಲ್ಲಿ ರಾಜ್ಯಕ್ಕೆ ಅನ್ಯಾಯವಾಗಿದೆ ಎಂದು ಆರೋಪಿಸಿ ರಾಜ್ಯ ಸರ್ಕಾರದ ಸಚಿವರು ಮತ್ತು ಶಾಸಕರು 2024ರ ಫೆಬ್ರವರಿ 7ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ನಡೆಸಿದರು. ಕೇಂದ್ರ ಸರ್ಕಾರ ಈ ಆರೋಪವನ್ನು ನಿರಾಕರಿಸಿತು. 2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಬರ ಪರಿಹಾರದ ವಿಳಂಬವನ್ನು ಪ್ರಶ್ನಿಸಿ ರಾಜ್ಯವು ಸುಪ್ರೀಂ ಕೋರ್ಟ್ ಮೊರೆ ಹೋಯಿತು. ಎರಡು ಹಂತಗಳ ಮತದಾನದ ನಡುವಿನ ಅವಧಿಯಲ್ಲಿ ಕೇಂದ್ರವು ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆ ಮಾಡಿತು.

ಮತದಾನ

ಮೊದಲ ಹಂತದಲ್ಲಿ ಬೆಂಗಳೂರು, ಹಳೆ ಮೈಸೂರು, ಕರಾವಳಿ ಭಾಗಗಳೂ ಚಿತ್ರದುರ್ಗವೂ ಸೇರಿ 14 ಕ್ಷೇತ್ರಗಳಲ್ಲಿಯೂ, ಎರಡನೇ ಹಂತದಲ್ಲಿ ಉತ್ತರ ಕರ್ನಾಟಕ, ಉತ್ತರ ಕನ್ನಡ, ದಾವಣಗೆರೆ ಮತ್ತು ಶಿವಮೊಗ್ಗ ಸೇರಿ ಉಳಿದ 14 ಕ್ಷೇತ್ರಗಳಲ್ಲಿಯೂ ಮತದಾನ ನಡೆಯಿತು. ರಾಜ್ಯದ ಒಟ್ಟು ಮತದಾನ ಪ್ರಮಾಣವು ಶೇ 70ನ್ನು ದಾಟಿತು. ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾದರೆ, ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ 53ರಷ್ಟು ಮಾತ್ರ ಆಯಿತು.

ಪಕ್ಷವಾರು ಫಲಿತಾಂಶ

ಬಿಜೆಪಿ: 25 ಕ್ಷೇತ್ರಗಳಲ್ಲಿ ಸ್ಪರ್ಧೆ, 17 ಗೆಲುವು, ಮತಪ್ರಮಾಣ ಶೇ 46.06
ಕಾಂಗ್ರೆಸ್: 28 ಕ್ಷೇತ್ರಗಳಲ್ಲಿ ಸ್ಪರ್ಧೆ, 9 ಗೆಲುವು, ಮತಪ್ರಮಾಣ ಶೇ 45.43
ಜನತಾದಳ (ಜಾತ್ಯತೀತ): 3 ಕ್ಷೇತ್ರಗಳಲ್ಲಿ ಸ್ಪರ್ಧೆ, 2 ಗೆಲುವು, ಮತಪ್ರಮಾಣ ಶೇ 5.60

ಬಿಜೆಪಿ ಮತ್ತು ಕಾಂಗ್ರೆಸ್ ನಡುವಿನ ಮತಗಳ ಅಂತರ ಶೇ 1ಕ್ಕಿಂತ ಕಡಿಮೆ ಇದ್ದರೂ ಸ್ಥಾನಗಳ ಅಂತರ ಎಂಟು. ಇದಕ್ಕೆ ಒಂದು ಕಾರಣವೆಂದರೆ ಬಿಜೆಪಿ ಮೂರು ಕ್ಷೇತ್ರಗಳನ್ನು ಮಿತ್ರಪಕ್ಷಕ್ಕೆ ಬಿಟ್ಟುಕೊಟ್ಟಿದ್ದು. ಮೈತ್ರಿಕೂಟದ ಮತಗಳನ್ನು ಕೂಡಿಸಿದರೆ ಶೇ 51.66 ಆಗುತ್ತದೆ, ಅಂದರೆ ಕಾಂಗ್ರೆಸ್‌ಗಿಂತ ಶೇ 6ರಷ್ಟು ಹೆಚ್ಚು. ಇನ್ನೊಂದು ಕಾರಣ ಚುನಾವಣಾ ಪದ್ಧತಿ. ಪ್ರತಿ ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದ ಒಬ್ಬರೇ ಆಯ್ಕೆಯಾಗುವುದರಿಂದ ಸೋತ ಅಭ್ಯರ್ಥಿಗೆ ಬಿದ್ದ ಮತಗಳು ಸ್ಥಾನಗಳ ಲೆಕ್ಕದಲ್ಲಿ ಕಾಣುವುದಿಲ್ಲ. 2019ರಲ್ಲಿ ಕಾಂಗ್ರೆಸ್ ಮತ್ತು ಜನತಾದಳ ಒಟ್ಟಾಗಿ ಪಡೆದ ಮತಪ್ರಮಾಣ ಶೇ 42ರ ಆಸುಪಾಸಿನಲ್ಲಿತ್ತು. 2024ರಲ್ಲಿ ಕಾಂಗ್ರೆಸ್ ಒಂದೇ ಅದನ್ನು ಮೀರಿತು.

ಪ್ರದೇಶವಾರು ಫಲಿತಾಂಶ

ಕಲ್ಯಾಣ ಕರ್ನಾಟಕ (5 ಕ್ಷೇತ್ರಗಳು)

ಹಿಂದೆ ಹೈದರಾಬಾದ್ ಕರ್ನಾಟಕವೆಂದು ಕರೆಯಲಾಗುತ್ತಿದ್ದ, ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನವಿರುವ ಈ ಭಾಗದ ಐದೂ ಕ್ಷೇತ್ರಗಳನ್ನು ಕಾಂಗ್ರೆಸ್ ಗೆದ್ದಿತು. 2019ರಲ್ಲಿ ಐದನ್ನೂ ಬಿಜೆಪಿ ಗೆದ್ದಿತ್ತು. ಬೀದರಿನಲ್ಲಿ ಸಾಗರ್ ಖಂಡ್ರೆ ಅವರು ಕೇಂದ್ರದ ರಾಜ್ಯ ಸಚಿವರಾಗಿದ್ದ ಭಗವಂತ ಖೂಬಾ ಅವರನ್ನು ಸೋಲಿಸಿದರು. ಕಲಬುರಗಿಯಲ್ಲಿ ಕಾಂಗ್ರೆಸ್ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿ 27,205 ಮತಗಳ ಅಂತರದಿಂದ ಗೆದ್ದರು. ರಾಯಚೂರಿನಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಜಿ. ಕುಮಾರ ನಾಯಕ, ಕೊಪ್ಪಳದಲ್ಲಿ ಕೆ. ರಾಜಶೇಖರ ಹಿಟ್ನಾಳ ಮತ್ತು ಬಳ್ಳಾರಿಯಲ್ಲಿ ಇ. ತುಕಾರಾಂ ಆಯ್ಕೆಯಾದರು.

ಕಿತ್ತೂರು ಕರ್ನಾಟಕ (7 ಕ್ಷೇತ್ರಗಳು)

ಬೆಳಗಾವಿ ಕಂದಾಯ ವಿಭಾಗದ ಈ ಕ್ಷೇತ್ರಗಳಲ್ಲಿ ಬಿಜೆಪಿ 6 ಮತ್ತು ಕಾಂಗ್ರೆಸ್ 1 ಸ್ಥಾನ ಪಡೆದವು. ಬೆಳಗಾವಿಯಲ್ಲಿ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್, ಹಾವೇರಿಯಲ್ಲಿ ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಧಾರವಾಡದಲ್ಲಿ ಪ್ರಲ್ಹಾದ ಜೋಶಿ, ಬಾಗಲಕೋಟೆಯಲ್ಲಿ ಪಿ.ಸಿ. ಗದ್ದಿಗೌಡರ ಹಾಗೂ ವಿಜಯಪುರದಲ್ಲಿ ರಮೇಶ ಜಿಗಜಿಣಗಿ ಗೆದ್ದರು. ಉತ್ತರ ಕನ್ನಡದಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು 3.37 ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಆಯ್ಕೆಯಾದರು. ಇದು ರಾಜ್ಯದಲ್ಲಿಯೇ ಅತಿ ದೊಡ್ಡ ಅಂತರ. ಚಿಕ್ಕೋಡಿಯಲ್ಲಿ ಕಾಂಗ್ರೆಸ್‌ನ ಪ್ರಿಯಾಂಕಾ ಜಾರಕಿಹೊಳಿ ಜಯಗಳಿಸಿದರು.

ಮಧ್ಯ ಕರ್ನಾಟಕ (3 ಕ್ಷೇತ್ರಗಳು)

ಶಿವಮೊಗ್ಗದಲ್ಲಿ ಬಿ.ವೈ. ರಾಘವೇಂದ್ರ ಮತ್ತು ಚಿತ್ರದುರ್ಗದಲ್ಲಿ ಗೋವಿಂದ ಕಾರಜೋಳ ಬಿಜೆಪಿಯಿಂದ ಗೆದ್ದರು. ಶಿವಮೊಗ್ಗದಲ್ಲಿ ಬಿಜೆಪಿಯ ಹಿರಿಯ ನಾಯಕ ಕೆ.ಎಸ್. ಈಶ್ವರಪ್ಪ ಬಂಡಾಯ ಅಭ್ಯರ್ಥಿಯಾಗಿ ಕಣಕ್ಕಿಳಿದಿದ್ದರೂ ಫಲಿತಾಂಶದ ಮೇಲೆ ಅದು ಪರಿಣಾಮ ಬೀರಲಿಲ್ಲ. 2004ರಿಂದ ಸತತ ನಾಲ್ಕು ಬಾರಿ ಬಿಜೆಪಿಯ ಜಿ.ಎಂ. ಸಿದ್ದೇಶ್ವರ ಪ್ರತಿನಿಧಿಸಿದ್ದ ದಾವಣಗೆರೆಯಲ್ಲಿ ಕಾಂಗ್ರೆಸ್‌ನ ಪ್ರಭಾ ಮಲ್ಲಿಕಾರ್ಜುನ 26,094 ಮತಗಳಿಂದ ಗೆದ್ದರು. ರಾಜ್ಯದಲ್ಲಿ ಇದು ಅತಿ ಕಡಿಮೆ ಅಂತರ.

ಕರಾವಳಿ (2 ಕ್ಷೇತ್ರಗಳು)

ಎರಡನ್ನೂ ಬಿಜೆಪಿ ಉಳಿಸಿಕೊಂಡಿತು. ದಕ್ಷಿಣ ಕನ್ನಡದಲ್ಲಿ ಹಾಲಿ ಸಂಸದ ನಳಿನ್ ಕುಮಾರ್ ಕಟೀಲು ಅವರ ಬದಲಿಗೆ ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರಿಗೆ ಟಿಕೆಟ್ ನೀಡಲಾಗಿತ್ತು. ಉಡುಪಿ ಚಿಕ್ಕಮಗಳೂರಿನಲ್ಲಿ ಕೋಟ ಶ್ರೀನಿವಾಸ ಪೂಜಾರಿ ಆಯ್ಕೆಯಾದರು. ಹಿಂದಿನ ಮಂಗಳೂರು ಕ್ಷೇತ್ರದ ಕಾಲದಿಂದ, ಅಂದರೆ 1991ರಿಂದ, ದಕ್ಷಿಣ ಕನ್ನಡದಲ್ಲಿ ಬಿಜೆಪಿ ಸೋತಿಲ್ಲ.

ಹಳೆ ಮೈಸೂರು (7 ಕ್ಷೇತ್ರಗಳು)

ಮೈತ್ರಿಯ ಪರಿಣಾಮ ಹೆಚ್ಚಾಗಿ ಕಂಡದ್ದು ಈ ಭಾಗದಲ್ಲಿ. ಇಲ್ಲಿ ಬಿಜೆಪಿ 3, ಜನತಾದಳ 2 ಮತ್ತು ಕಾಂಗ್ರೆಸ್ 2 ಸ್ಥಾನಗಳನ್ನು ಪಡೆದವು. ಮಂಡ್ಯದಲ್ಲಿ ಎಚ್.ಡಿ. ಕುಮಾರಸ್ವಾಮಿ 2.84 ಲಕ್ಷಕ್ಕೂ ಹೆಚ್ಚಿನ ಅಂತರದಿಂದಲೂ, ಕೋಲಾರದಲ್ಲಿ ಎಂ. ಮಲ್ಲೇಶ್ ಬಾಬು ಸುಮಾರು 71 ಸಾವಿರ ಮತಗಳಿಂದಲೂ ಗೆದ್ದರು. ತುಮಕೂರಿನಲ್ಲಿ ವಿ. ಸೋಮಣ್ಣ, ಚಿಕ್ಕಬಳ್ಳಾಪುರದಲ್ಲಿ ಡಾ. ಕೆ. ಸುಧಾಕರ್ ಮತ್ತು ಮೈಸೂರು ಕೊಡಗಿನಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಬಿಜೆಪಿಯಿಂದ ಆಯ್ಕೆಯಾದರು. ಮುಖ್ಯಮಂತ್ರಿಯ ತವರು ಜಿಲ್ಲೆಯಾದ ಮೈಸೂರಿನಲ್ಲಿ ಕಾಂಗ್ರೆಸ್ ಸೋತರೂ ಪಕ್ಕದ ಚಾಮರಾಜನಗರದಲ್ಲಿ ಸುನಿಲ್ ಬೋಸ್ ದೊಡ್ಡ ಅಂತರದಿಂದ ಗೆದ್ದರು.

ಹಾಸನದಲ್ಲಿ ಕಾಂಗ್ರೆಸ್‌ನ ಶ್ರೇಯಸ್ ಪಟೇಲ್ ಅವರು ಹಾಲಿ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು 42,649 ಮತಗಳಿಂದ ಸೋಲಿಸಿದರು. ಪ್ರಜ್ವಲ್ ಅವರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳು ಮತದಾನದ ಆಸುಪಾಸಿನ ದಿನಗಳಲ್ಲಿ ಹೊರಬಂದವು. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು ಮತ್ತು ಏಪ್ರಿಲ್ 30ರಂದು ಜನತಾದಳ ಅವರನ್ನು ಅಮಾನತುಗೊಳಿಸಿತು. ಕಾಂಗ್ರೆಸ್ ಈ ಕ್ಷೇತ್ರವನ್ನು ಇದಕ್ಕೆ ಮುನ್ನ ಕೊನೆಯದಾಗಿ ಗೆದ್ದದ್ದು 1999ರಲ್ಲಿ. ಆಗ ಗೆದ್ದ ಜಿ. ಪುಟ್ಟಸ್ವಾಮಿ ಗೌಡ ಅವರು ಶ್ರೇಯಸ್ ಅವರ ಅಜ್ಜ.

ಬೆಂಗಳೂರು (4 ಕ್ಷೇತ್ರಗಳು)

ನಾಲ್ಕನ್ನೂ ಬಿಜೆಪಿ ಗೆದ್ದಿತು. ದಕ್ಷಿಣದಲ್ಲಿ ತೇಜಸ್ವಿ ಸೂರ್ಯ ಮತ್ತು ಉತ್ತರದಲ್ಲಿ ಶೋಭಾ ಕರಂದ್ಲಾಜೆ ತಲಾ ಎರಡೂವರೆ ಲಕ್ಷಕ್ಕೂ ಹೆಚ್ಚಿನ ಅಂತರ ಗಳಿಸಿದರು. ಗ್ರಾಮಾಂತರದಲ್ಲಿ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಅವರು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಸಹೋದರ ಡಿ.ಕೆ. ಸುರೇಶ್ ಅವರನ್ನು 2.69 ಲಕ್ಷಕ್ಕೂ ಹೆಚ್ಚು ಮತಗಳಿಂದ ಪರಾಭವಗೊಳಿಸಿದರು. ಮಂಜುನಾಥ್ ಅವರು ದೇವೇಗೌಡರ ಅಳಿಯರಾಗಿದ್ದು ಬಿಜೆಪಿ ಚಿಹ್ನೆಯಡಿ ಸ್ಪರ್ಧಿಸಿದ್ದರು. ಇದರೊಂದಿಗೆ 2019ರಲ್ಲಿ ಕಾಂಗ್ರೆಸ್ ಗೆದ್ದಿದ್ದ ಏಕೈಕ ಕ್ಷೇತ್ರವೂ ಅದರ ಕೈತಪ್ಪಿತು. ಬೆಂಗಳೂರು ಕೇಂದ್ರದಲ್ಲಿ ಪಿ.ಸಿ. ಮೋಹನ್ 32,707 ಮತಗಳಿಂದ ಗೆದ್ದರು. ಇಲ್ಲಿ ಮಹದೇವಪುರ ವಿಧಾನಸಭಾ ಕ್ಷೇತ್ರವೊಂದರಲ್ಲಿಯೇ ಬಿಜೆಪಿಗೆ ಸುಮಾರು 1.14 ಲಕ್ಷ ಮತಗಳ ಮುನ್ನಡೆ ದೊರೆತಿತ್ತು.

2014ರೊಂದಿಗೆ ಹೋಲಿಕೆ

2014ರಲ್ಲಿ ಕಾಂಗ್ರೆಸ್ ಗೆದ್ದ ಒಂಬತ್ತು ಸ್ಥಾನಗಳಲ್ಲಿ ಐದು ದಕ್ಷಿಣ ಭಾಗದ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ಚಾಮರಾಜನಗರ ಮತ್ತು ಬೆಂಗಳೂರು ಗ್ರಾಮಾಂತರಗಳಾಗಿದ್ದವು. ಉಳಿದವು ಚಿತ್ರದುರ್ಗ, ಚಿಕ್ಕೋಡಿ, ಕಲಬುರಗಿ ಮತ್ತು ರಾಯಚೂರು. 2024ರಲ್ಲಿ ದಕ್ಷಿಣದ ಆ ಐದರ ಪೈಕಿ ಚಾಮರಾಜನಗರ ಮಾತ್ರ ಕಾಂಗ್ರೆಸ್‌ಗೆ ದಕ್ಕಿತು. ಕಲ್ಯಾಣ ಕರ್ನಾಟಕದಲ್ಲಿ ಅದರ ಬಲ ಎರಡರಿಂದ ಐದಕ್ಕೆ ಏರಿತು. ಜನತಾದಳವು 2014ರಲ್ಲಿ ಹಾಸನ ಮತ್ತು ಮಂಡ್ಯಗಳನ್ನು ಏಕಾಂಗಿಯಾಗಿ ಗೆದ್ದಿದ್ದರೆ, 2024ರಲ್ಲಿ ಮೈತ್ರಿಯ ನೆರವಿನಿಂದ ಮಂಡ್ಯ ಮತ್ತು ಕೋಲಾರಗಳನ್ನು ಪಡೆಯಿತು.

ಎರಡೂ ಚುನಾವಣೆಗಳಲ್ಲಿ ಕಾಂಗ್ರೆಸ್ ಹಿಂದಿನ ವರ್ಷವಷ್ಟೇ ವಿಧಾನಸಭೆಯಲ್ಲಿ ಬಹುಮತ ಪಡೆದಿತ್ತು ಎಂಬುದು ಗಮನಾರ್ಹ. ರಾಜ್ಯಕ್ಕೂ ಕೇಂದ್ರಕ್ಕೂ ಬೇರೆ ಬೇರೆ ಪಕ್ಷಗಳನ್ನು ಆರಿಸುವ ಪ್ರವೃತ್ತಿಗೆ ಕರ್ನಾಟಕದಲ್ಲಿ ಹಳೆಯ ಉದಾಹರಣೆಗಳಿವೆ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್‌ಗೆ ನೀಡಿದ ಮತದಾರರು, 1985ರ ಮಾರ್ಚ್‌ನಲ್ಲಿ ರಾಮಕೃಷ್ಣ ಹೆಗಡೆ ನೇತೃತ್ವದ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ ಬಹುಮತ ನೀಡಿದ್ದರು.

ಮೀಸಲು ಕ್ಷೇತ್ರಗಳು ಮತ್ತು ಮಹಿಳಾ ಪ್ರಾತಿನಿಧ್ಯ

ಪರಿಶಿಷ್ಟ ಜಾತಿಗೆ ಮೀಸಲಾದ ಐದು ಕ್ಷೇತ್ರಗಳಲ್ಲಿ ಕಲಬುರಗಿ ಮತ್ತು ಚಾಮರಾಜನಗರ ಕಾಂಗ್ರೆಸ್‌ಗೆ, ವಿಜಯಪುರ ಮತ್ತು ಚಿತ್ರದುರ್ಗ ಬಿಜೆಪಿಗೆ ಹಾಗೂ ಕೋಲಾರ ಜನತಾದಳಕ್ಕೆ ಲಭಿಸಿದವು. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ರಾಯಚೂರು ಮತ್ತು ಬಳ್ಳಾರಿಗಳೆರಡನ್ನೂ ಕಾಂಗ್ರೆಸ್ ಗೆದ್ದಿತು. ಆಯ್ಕೆಯಾದ 28 ಸದಸ್ಯರಲ್ಲಿ ಮಹಿಳೆಯರು ಮೂವರು: ಶೋಭಾ ಕರಂದ್ಲಾಜೆ, ಪ್ರಭಾ ಮಲ್ಲಿಕಾರ್ಜುನ ಮತ್ತು ಪ್ರಿಯಾಂಕಾ ಜಾರಕಿಹೊಳಿ. 2019ರಲ್ಲಿ ಈ ಸಂಖ್ಯೆ ಎರಡಾಗಿತ್ತು.

ಪರಿಣಾಮಗಳು

ದೇಶದಲ್ಲಿ ಬಿಜೆಪಿ 240 ಸ್ಥಾನಗಳಿಗೆ ಸೀಮಿತಗೊಂಡು ಮಿತ್ರಪಕ್ಷಗಳ ಬೆಂಬಲದಿಂದ ಸರ್ಕಾರ ರಚಿಸಿತು. ದಕ್ಷಿಣ ಭಾರತದ ರಾಜ್ಯಗಳಲ್ಲಿ ಅದಕ್ಕೆ ದೊರೆತ 29 ಸ್ಥಾನಗಳಲ್ಲಿ 17 ಕರ್ನಾಟಕದವು. ಹೊಸ ಸಚಿವ ಸಂಪುಟದಲ್ಲಿ ರಾಜ್ಯದಿಂದ ಲೋಕಸಭೆಗೆ ಆಯ್ಕೆಯಾದ ಪ್ರಲ್ಹಾದ ಜೋಶಿ, ಎಚ್.ಡಿ. ಕುಮಾರಸ್ವಾಮಿ, ಶೋಭಾ ಕರಂದ್ಲಾಜೆ ಮತ್ತು ವಿ. ಸೋಮಣ್ಣ ಸ್ಥಾನ ಪಡೆದರು. ಕಾಂಗ್ರೆಸ್‌ಗೆ ಐದೂ ಸ್ಥಾನಗಳನ್ನು ನೀಡಿದ ಕಲ್ಯಾಣ ಕರ್ನಾಟಕದಿಂದ ಲೋಕಸಭೆಗೆ ಆಯ್ಕೆಯಾದ ಯಾರೂ ಆಡಳಿತ ಪಕ್ಷದ ಸಾಲಿನಲ್ಲಿ ಇರಲಿಲ್ಲ.

ಬೊಮ್ಮಾಯಿ, ಕುಮಾರಸ್ವಾಮಿ ಮತ್ತು ತುಕಾರಾಂ ಅವರು ಸಂಸತ್ತಿಗೆ ಆಯ್ಕೆಯಾದುದರಿಂದ ಕ್ರಮವಾಗಿ ಶಿಗ್ಗಾವಿ, ಚನ್ನಪಟ್ಟಣ ಮತ್ತು ಸಂಡೂರು ವಿಧಾನಸಭಾ ಕ್ಷೇತ್ರಗಳು ತೆರವಾದವು. 2024ರ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಗಳಲ್ಲಿ ಮೂರನ್ನೂ ಕಾಂಗ್ರೆಸ್ ಗೆದ್ದಿತು.